ಅತ್ತೆಯ ಬಂಗಲೆಗೆ ನಾವೇ ಗಿರಾಕಿಗಳು

ಹಳೇಬೀಡಿನಿಂದ ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ಹುಣಸೆಮರದ ಹಿಂದೆ, ನಮ್ಮ ಅತ್ತೆಯ ಬಂಗಲೆ ಇದೆ. ಅದಕ್ಕೆ ಎಷ್ಟು ವಯಸ್ಸು ಅಂತ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಪ್ಪ ನೂರು ಅನ್ನುತ್ತಾರೆ, ಅತ್ತೆ ನೂರಿಪ್ಪತ್ತು ಅನ್ನುತ್ತಾಳೆ. ನಾನು ಅರಸೀಕೆರೆಯ ನಮ್ಮ ಶಾಲೆಯಲ್ಲಿ ನೂರೈವತ್ತರಿಂದ ಶುರು ಮಾಡಿದ್ದೆ. ಒಂಬತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಅದು ಹೊಯ್ಸಳರ ದೇವಸ್ಥಾನಕ್ಕಿಂತ ಒಂದೇ ಒಂದು ವರ್ಷ ಚಿಕ್ಕದಾಗಿತ್ತು.

ಮಹಾರಾಜರ ಕಾಲದಲ್ಲಿ ಸರ್ಕೀಟು ಬರುವ ಅಧಿಕಾರಿಗಳು ಕುದುರೆಗಾಡಿ ಬಿಚ್ಚಿ ಉಳಿದುಕೊಳ್ಳಲಿ ಅಂತ ಕಟ್ಟಿಸಿದ್ದಂತೆ. ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಇನ್ನೂ ಗೋಡೆಯಲ್ಲಿವೆ. ಈಗ ಅಲ್ಲಿ ಮಾವನ ಮೊಪೆಡ್ಡು ನಿಲ್ಲುತ್ತದೆ. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಗೂಡಿನಲ್ಲಿ ನಾನು ಕಾಲು ಚಾಚಿ ಮಲಗಬಹುದು. ಗೆಳತಿಯರಿಗೆ ಹೇಳುವಾಗ ಅದೇ ಗೂಡಿನಲ್ಲಿ ಆನೆಮರಿ ಮಲಗುತ್ತದೆ. ಬಾಗಿಲ ಅಗುಳಿಯನ್ನು ಎತ್ತಿ ಹಾಕುವಷ್ಟರಲ್ಲಿ, ಹೊರಗೆ ನಿಂತ ಕಳ್ಳನೇ ಬೇಜಾರಾಗಿ ಮನೆಗೆ ಹೋಗುತ್ತಾನೆ. ಮಾವನ ತಾತ ಈ ಬಂಗಲೆಯನ್ನು ಕೊಂಡ ಮೇಲೆ ಹಿಂದಿನ ಅರ್ಧದಲ್ಲಿ ಸಂಸಾರ, ಮುಂದಿನ ಮೂರು ರೂಮುಗಳಲ್ಲಿ ಏನೂ ಇಲ್ಲ, ಇಡೀ ಅಟ್ಟದ ತುಂಬ ತೆಂಗಿನಕಾಯಿ.

ಹಳೇಬೀಡಿಗೆ ಬರುವವರೆಲ್ಲ ದೇವಸ್ಥಾನ ನೋಡಿ, ಎಳನೀರು ಕುಡಿದು, ಮಲಗೋಕೆ ಹಾಸನಕ್ಕೆ ಹೋಗುತ್ತಾರೆ. ಇದು ಅತ್ತೆಗೆ ಬಹಳ ದಿನದಿಂದ ಸಹಿಸಲಾಗದ ಅವಮಾನವಾಗಿತ್ತು. ನಮ್ಮೂರಲ್ಲಿ ಯಾಕೆ ಮಲಗಬಾರದು ಅಂತ ಅವಳು ಮೂರೂ ರೂಮಿಗೆ ಸುಣ್ಣ ಹೊಡೆಸಿ, ಮಂಚ ಹಾಕಿಸಿ, ಬೇಸಿಗೆಯಿಡೀ ಕೂತು ಹನ್ನೆರಡು ದಿಂಬಿನ ಚೀಲಕ್ಕೆ ಹನ್ನೆರಡು ಗಿಳಿ ಕಸೂತಿ ಹಾಕಿದಳು. ಗೇಟಿಗೆ ಬೋರ್ಡು ಬಂತು: ಹಳೇ ಬಂಗಲೆ, ತಂಗಲು ರೂಮು, ಬೆಳಗಿನ ತಿಂಡಿ ಸಹಿತ. ವರ್ಷವೆಲ್ಲ ಕಾದಿದ್ದಕ್ಕೆ ಬಂದವರು ಎರಡೇ ಪಾರ್ಟಿ. ಒಂದು, ಟೈರು ಒಡೆದು ಬೇರೆ ದಾರಿಯಿಲ್ಲದೆ ಬಂದ ಗಂಡಹೆಂಡತಿ. ಇನ್ನೊಂದು, ಜಾವಗಲ್ ಕಡೆಯ ಒಂದು ಸಂಸಾರ. ತಿಂಡಿ ತಿನ್ನುವಾಗ ಊರು, ಮನೆ, ತವರುಮನೆ ವಿಚಾರಿಸುತ್ತ ಹೋದಾಗ, ಅವರು ಮಾವನ ಚಿಕ್ಕಮ್ಮನ ಬೀಗರ ಕಡೆಯವರು ಅಂತ ಗೊತ್ತಾಯಿತು. ಅತ್ತೆ ಬಾಡಿಗೆ ತೆಗೆದುಕೊಳ್ಳದೆ, ಅವರಿಗೆ ಸೀರೆ ಉಡಿಸಿ, ಬುತ್ತಿ ಕಟ್ಟಿ ಕಳಿಸಿದಳು.

ಹೋದ ವರ್ಷ ತೆಂಗು ಚೆನ್ನಾಗಿ ಬಂತು. ಅಟ್ಟ ತುಂಬಿತು. ಮಾವನ ಕಣ್ಣು ರೂಮುಗಳ ಮೇಲೆ ಬಿತ್ತು. ನಮ್ಮ ಮಾವ ಮಾತಾಡುವ ಮನುಷ್ಯರಲ್ಲ. ಮದುವೆಯ ದಿನ ಮಾತಾಡಿದ್ದನ್ನೇ ಇನ್ನೂ ಖರ್ಚು ಮಾಡುತ್ತಿದ್ದಾರೆ ಅಂತ ಅಜ್ಜಿ ಹೇಳುತ್ತಾಳೆ. ಅಂಥವರು ಒಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತ, ದೀಪಾವಳಿವರೆಗೆ ನೋಡೋಣ, ಆಮೇಲೆ ಮೂರೂ ರೂಮಿಗೆ ಕಾಯಿ ಹಾಕಿಸ್ತೀನಿ ಅಂದರಂತೆ. ಅತ್ತೆ ಅವತ್ತೇ ಎಸ್‌ಟಿಡಿ ಬೂತಿಗೆ ಹೋಗಿ ಅಪ್ಪನಿಗೆ ಫೋನು ಮಾಡಿದಳು.

"ಆ ಗಿಳಿಗಳ ಮೇಲೆ ಕಾಯಿ ಸುರಿಯೋದ್ನ ನಂಗ್ ನೋಡಕ್ಕಾಗಲ್ಲ ಕಣೋ."

ಅಷ್ಟರಲ್ಲೇ ಅದೃಷ್ಟಕ್ಕೆ ಬೆಂಗಳೂರಿನ ಒಂದು ಪ್ರವಾಸದ ಕಂಪನಿಯಿಂದ ಒಬ್ಬ ಮೇಡಂ ಬಂದು ನೋಡುತ್ತೇನೆ ಅಂದರು. ಒಂದು ರಾತ್ರಿ ಉಳಿದು, ಬೆಳಗಿನ ತಿಂಡಿ ತಿಂದು, ಹಿಡಿಸಿದರೆ ಚಳಿಗಾಲವಿಡೀ ಪರದೇಶದವರನ್ನು ಕಳಿಸುತ್ತಾರಂತೆ. ಇಲ್ಲಿಗೆ ಅತ್ತೆ ಸುಮ್ಮನಿರಬೇಕಿತ್ತು. ಆದರೆ ಅವಳು ನನ್ನ ಸೋದರತ್ತೆ, ನಮ್ಮಿಬ್ಬರಿಗೂ ಒಂದೇ ನಾಲಿಗೆ. ನಮ್ಮಲ್ಲಿ ಯಾವಾಗಲೂ ಜನ ಇದ್ದೇ ಇರ್ತಾರೆ, ರೂಮು ಸಿಗೋದೇ ಕಷ್ಟ, ನಿಮಗೋಸ್ಕರ ಒಂದು ಖಾಲಿ ಇಟ್ಟಿರ್ತೀನಿ ಅಂದುಬಿಟ್ಟಳು.

ಆದ್ದರಿಂದ ದಸರಾ ರಜೆಯಲ್ಲಿ ಉಳಿದ ಎರಡು ರೂಮು ತುಂಬುವ ಭಾರ ನಮ್ಮ ಮೇಲೆ ಬಿತ್ತು.

ಅಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಅತ್ತೆ ಅವರನ್ನು ಬೆಂಗಳೂರಿನ ಬ್ಯಾಂಕ್ ಅಧಿಕಾರಿ ಮಾಡಿದಳು. ಅಮ್ಮ ಅಧಿಕಾರಿಯ ಹೆಂಡತಿ. ಅದಕ್ಕೆ ಅಮ್ಮ ವಿಶೇಷವಾಗಿ ಏನೂ ಮಾಡಬೇಕಿರಲಿಲ್ಲ, ಸ್ವಲ್ಪ ಬೇಜಾರಾದ ಮುಖ ಇಟ್ಟುಕೊಂಡರೆ ಸಾಕಿತ್ತು. ಅಜ್ಜಿ, ಅಂದರೆ ಅತ್ತೆಯ ಹೆತ್ತ ತಾಯಿ, ಮೈಸೂರಿನ ನಿವೃತ್ತ ಹೆಡ್‌ಮಿಸ್ಸು. ಅವಳು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ನಮ್ಮ ಬೀದಿಯಲ್ಲಿ ಅವಳ ಮುಂದೆ ಕೈ ಕಟ್ಟಿ ನಿಲ್ಲದ ಮಕ್ಕಳಿಲ್ಲ, ಹಾಗಾಗಿ ಆ ಕೆಲಸ ಅವಳಿಗೆ ಸಲೀಸು. ನಾನು ಹೆಡ್‌ಮಿಸ್ಸಿನ ಮೊಮ್ಮಗಳು. ಬರೀ ಮೊಮ್ಮಗಳಾಗಿರುವುದು ನನ್ನ ಯೋಗ್ಯತೆಗೆ ಕಡಿಮೆ ಅನ್ನಿಸಿ, ಕಾನ್ವೆಂಟು, ಭರತನಾಟ್ಯ ಮತ್ತು ಶಿಲ್ಪಕಲೆಯ ಮೇಲೆ ಒಂದು ಪ್ರಾಜೆಕ್ಟನ್ನು ನಾನೇ ಸೇರಿಸಿಕೊಂಡೆ.

ನಾಲ್ಕೂ ಜನ ಒಂದೇ ಬಸ್ಸಿನಲ್ಲಿ ಹೋದೆವು. ಹಳೇಬೀಡಿನಲ್ಲಿ ಇಳಿದ ತಕ್ಷಣ ಒಬ್ಬರಿಗೊಬ್ಬರು ಅಪರಿಚಿತರಾದೆವು. ಅಪ್ಪ ಅಮ್ಮ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತರು, ನಾನೂ ಅಜ್ಜಿಯೂ ಮೊದಲು ಹೋದೆವು. ಅರ್ಧ ಗಂಟೆ ಬಿಟ್ಟು ಅಪ್ಪ ಬಂದಾಗ, ಅತ್ತೆ ಗೇಟಿನಲ್ಲಿ ನಿಂತು ಬನ್ನಿ ಸಾರ್, ದಾರಿ ಸುಲಭವಾಗಿ ಸಿಕ್ಕಿತಾ ಅಂದಳು. ಅವಳ ಕೈ ಹಿಡಿದು ನಡೆಯೋದು ಕಲಿತ ಅಪ್ಪ, ಸಿಕ್ಕಿತು ಮೇಡಂ ಅಂದರು. ಅಜ್ಜಿ ಕಿಟಕಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ಮೇಡಂ ಮೂರು ಗಂಟೆಗೆ ಕಾರಿನಲ್ಲಿ ಬಂದರು. ಐವತ್ತರ ಆಸುಪಾಸು, ಕೈಮಗ್ಗದ ಸೀರೆ, ಕೊರಳಿಗೆ ದಾರದಲ್ಲಿ ನೇತುಹಾಕಿದ ಕನ್ನಡಕ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು. ಮಾತು ಕಮ್ಮಿ. ಎಲ್ಲವನ್ನೂ ನೋಡಿ, ಹ್ಞೂ ಅಂದು, ಏನೋ ಬರೆದುಕೊಳ್ಳುತ್ತಿದ್ದರು. ಮಂಚ ನೋಡಿ ಹ್ಞೂ. ಬಚ್ಚಲು ನೋಡಿ ಹ್ಞೂ. ಗಿಳಿ ನೋಡಿದಾಗ ಮಾತ್ರ ಬೆರಳಿಂದ ಮುಟ್ಟಿ ನೋಡಿದರು. ಅತ್ತೆ ಅಷ್ಟರಲ್ಲೇ ಅಡುಗೆಮನೆಗೆ ಓಡಿಬಂದು ನಮಗೆಲ್ಲ ವರದಿ ಕೊಟ್ಟಳು. ಮಾವ ಒಮ್ಮೆ ಹಜಾರಕ್ಕೆ ಬಂದರು, ಮೇಡಂಗೆ ಕೈಮುಗಿದರು, ಹಾಗೇ ಅಟ್ಟ ಹತ್ತಿ ಹೋದರು.

ಸಂಜೆ ಬಸ್ತಿಹಳ್ಳಿಯ ಬಸದಿಗಳನ್ನು ನೋಡೋಕೆ ಮೇಡಂ ಹೊರಟರು. ನನ್ನ ಪ್ರಾಜೆಕ್ಟಿನ ವಿಷಯ ಹೇಗೋ ಅವರ ಕಿವಿಗೆ ಬಿದ್ದಿತ್ತು, ಬಿದ್ದಿದ್ದು ನನ್ನಿಂದಲೇ. ಹಾಗಾದರೆ ನೀನೇ ಬಂದು ತೋರಿಸು ಅಂದರು. ನಾನು ಆ ಬಸದಿಗೆ ಹುಟ್ಟಿದಾಗಿನಿಂದ ಹೋಗುತ್ತಿದ್ದೇನೆ. ಹೋಗಿ ಮಾಡಿರುವುದು ಕಣ್ಣಾಮುಚ್ಚಾಲೆ ಮಾತ್ರ. ಆದರೂ ಹೆದರಲಿಲ್ಲ. ಅಲ್ಲಿಯ ಕಂಬಗಳು ಕಪ್ಪಗೆ ಹೊಳೆಯುತ್ತವೆ, ಮುಖ ಕಾಣುವಷ್ಟು ನಯ. ಒಂದರಲ್ಲಿ ನಾನು ಉದ್ದವಾಗಿ ಕಂಡೆ, ಇನ್ನೊಂದರಲ್ಲಿ ಗುಂಡಗೆ. ಇವೆಲ್ಲ ರಾಣಿಯರು ತಲೆ ಬಾಚಿಕೊಳ್ಳೋಕೆ ಮಾಡಿಸಿದ್ದು ಅಂದೆ. ಸಣ್ಣಗಿರುವ ರಾಣಿಗೆ ಈ ಕಂಬ, ದಪ್ಪಗಿರುವ ರಾಣಿಗೆ ಆ ಕಂಬ, ಜಗಳವಾಗದಿರಲಿ ಅಂತ. ಬಸದಿಯಲ್ಲಿ ರಾಣಿಯರು ಯಾಕೆ ತಲೆ ಬಾಚುತ್ತಿದ್ದರು ಅಂತ ಮೇಡಂ ಕೇಳಿದರು. ಅರಮನೆಯಲ್ಲಿ ನೀರಿರಲಿಲ್ಲ ಅಂದೆ. ಅವರು ಹ್ಞೂ ಅಂದು ಅದನ್ನೂ ಬರೆದುಕೊಂಡರು. ಈ ಕಂಬ ಉಜ್ಜಿದ ಶಿಲ್ಪಿಗೆ ಅಂಗೈ ಸವೆದು ರೇಖೆಗಳೇ ಇರಲಿಲ್ಲ, ಹಾಗಾಗಿ ಅವನ ಭವಿಷ್ಯ ಹೇಳೋಕೆ ಯಾವ ಜ್ಯೋತಿಷಿಗೂ ಆಗಲಿಲ್ಲ ಅಂತಲೂ ಹೇಳಿದೆ. ಇದು ನನಗೇ ಎಷ್ಟು ಹಿಡಿಸಿತು ಅಂದರೆ ವಾಪಸು ಬರುವಾಗ ನಾನೇ ಅದನ್ನು ನಂಬಿದ್ದೆ.

ಅಂತೂ ಮೊದಲ ದಿನ ಯಾರೂ ಸಿಕ್ಕಿಬೀಳಲಿಲ್ಲ ಅಂದುಕೊಂಡು ಮಲಗಿದೆವು.

ಬೆಳಿಗ್ಗೆ ಎಂಟಕ್ಕೆ ಊಟದ ಹಜಾರದ ಉದ್ದ ಮೇಜಿಗೆ ಎಲ್ಲರೂ ಬಂದೆವು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೈಯಲ್ಲಿ ಮುರಿದರೆ ಹಬೆ ಬರುವ ರೊಟ್ಟಿಯ ಮೇಲೆ ಲಿಂಬೆಹಣ್ಣಿನ ಗಾತ್ರದ ಬೆಣ್ಣೆ. ನಾನು ಹನ್ನೊಂದು ರೊಟ್ಟಿ ತಿಂದೆ. ಐದು ಅಂತ ಅಮ್ಮ ಹೇಳುತ್ತಾಳೆ, ಅವಳಿಗೆ ಲೆಕ್ಕ ಬರುವುದಿಲ್ಲ. ತೊಂದರೆ ಶುರುವಾದದ್ದು ಅಜ್ಜಿಯಿಂದ. ನಮ್ಮ ಕಡೆ ಅಳಿಯನ ಎದುರು ಹೆಣ್ಣು ಕೊಟ್ಟ ತಾಯಿ ಕುರ್ಚಿಯ ಮೇಲೆ ಕೂರುವುದಿಲ್ಲ, ತಲೆಯ ಮೇಲೆ ಸೆರಗು ಹೊದೆಯದೆ ನಿಲ್ಲುವುದಿಲ್ಲ. ಅಜ್ಜಿ ಇಪ್ಪತ್ತೆರಡು ವರ್ಷ ಹಾಗೇ ನಡೆದುಕೊಂಡವಳು. ಮಾವ ತುಪ್ಪದ ಗಿಂಡಿ ಕೊಡಲು ಹಜಾರಕ್ಕೆ ಬಂದರು. ಮೈಸೂರಿನ ಹೆಡ್‌ಮಿಸ್ಸು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಎದ್ದು, ಸೆರಗು ಎಳೆದುಕೊಂಡು, ಬಾಗಿಲ ಮರೆಗೆ ಹೋಗಿ ನಿಂತಳು. ಮಾವ ಹೋದರು, ಬಂದು ಕೂತಳು. ಮಾವ ನೀರಿನ ಚೊಂಬು ತಂದರು, ಮತ್ತೆ ಎದ್ದಳು. ನಾನು ಮೇಜಿನ ಕೆಳಗೆ ಅವಳ ಸೀರೆ ಹಿಡಿದು ಎಳೆದೆ. ಕೈ ಮೇಲೆ ಒಂದು ಏಟು ಬಿತ್ತು. ಮೇಡಂ ರೊಟ್ಟಿ ಮುರಿಯುತ್ತ ನೋಡುತ್ತಿದ್ದರು.

ಇಷ್ಟರಲ್ಲಿ ಅಮ್ಮ ತಿಂದು ಮುಗಿಸಿದಳು. ತಟ್ಟೆ ಎತ್ತಿಕೊಂಡಳು. ಪಕ್ಕದಲ್ಲಿದ್ದ ಅಪ್ಪನ ತಟ್ಟೆಯನ್ನೂ, ಅಪರಿಚಿತರಾದ ನನ್ನ ಮತ್ತು ಹೆಡ್‌ಮಿಸ್ಸಿನ ತಟ್ಟೆಗಳನ್ನೂ ಅದರ ಮೇಲೆ ಜೋಡಿಸಿಕೊಂಡು ಸೀದಾ ಹಿತ್ತಲಿಗೆ ಹೋಗಿ ತೊಳೆದಿಟ್ಟು ಬಂದಳು. ಬ್ಯಾಂಕ್ ಅಧಿಕಾರಿಯ ಹೆಂಡತಿಗೆ ಹಿತ್ತಲಿನ ನಲ್ಲಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ಅತ್ತೆ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳ ಮುಖ ನೋಡಿದರೆ, ಆಗಲೇ ಮೂರು ರೂಮಿಗೂ ಕಾಯಿ ಬಿದ್ದಾಗಿತ್ತು.

ಆಗ ಮೇಲೆ ಅಟ್ಟದಲ್ಲಿ ಬೆಕ್ಕು ಏನನ್ನೋ ಕಂಡು ಹಾರಿತು. ಒಂದು ಕಾಯಿ ಜಾರಿ, ಮರದ ಮೆಟ್ಟಿಲ ಮೇಲೆ ದಪ್, ದಪ್, ದಪ್ ಅಂತ ಒಂದೊಂದೇ ಮೆಟ್ಟಿಲಿಳಿದು, ಹಜಾರ ದಾಟಿ, ಬಂದು ಅಪ್ಪನ ಕಾಲಿಗೆ ತಾಗಿ ನಿಂತಿತು. ನೂರು ಮೆಟ್ಟಿಲು ಅಂತ ನಾನು ಹೇಳುವುದುಂಟು. ಹದಿನಾಲ್ಕು ಅಂತ ಇಟ್ಟುಕೊಳ್ಳಿ.

ಬೇರೆ ಯಾರಾದರೂ ಆಗಿದ್ದರೆ ಕಾಯಿಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಕೈ ಹಾಗೆ ಮಾಡುವುದಿಲ್ಲ. ಅಪ್ಪ ಅದನ್ನು ಎತ್ತಿ ಕಿವಿಗೆ ಹಿಡಿದು ಒಂದು ಸಲ ಅಲ್ಲಾಡಿಸಿದರು. ಇನ್ನೂ ಒಂದು ತಿಂಗಳು ಅಟ್ಟದಲ್ಲಿರಬೇಕು ಅಂದು ಹೆಡ್‌ಮಿಸ್ಸಿನ ಕೈಗೆ ಕೊಟ್ಟರು. ಹೆಡ್‌ಮಿಸ್ಸು ಅಲ್ಲಾಡಿಸಿದಳು.

"ಎಲ್ಲಿ ತಿಂಗ್ಳು, ಹದಿನೈದು ದಿನ ಸಾಕು ಕಣೋ ಇದಕ್ಕೆ."

ಅಮ್ಮ ಕೈ ಒರೆಸಿಕೊಂಡು ಬಂದು ಕಿತ್ತುಕೊಂಡು ಕೇಳಿ, ಇಬ್ಬರೂ ತಪ್ಪು, ಇದು ಗೋಡೆ ಮೂಲೆಯ ಕಾಯಿ, ಒಲೆಯ ಶಾಖ ತಾಗಿಲ್ಲ, ಸಂಕ್ರಾಂತಿ ಆಗುತ್ತೆ ಅಂದಳು. ನಾನು ನಾಟಕದಲ್ಲಿ ಎಲ್ಲರಿಗಿಂತ ಜಾಣೆ ಅಂದುಕೊಂಡವಳು. ಆ ಕಾಯಿ ನನ್ನ ಕೈಗೆ ಬಂದಾಗ ನಾನೂ ಅದನ್ನು ಕಿವಿಗೆ ಇಟ್ಟುಕೊಂಡೆ. ಅಮ್ಮ ಹೇಳಿದ್ದು ಸರಿ ಅಂತ ಬಾಯಿಬಿಟ್ಟು ಹೇಳಿದೆ ಕೂಡ. ಬೆಂಗಳೂರೂ ಮೈಸೂರೂ ಒಂದೇ ಕಾಯಿ ಹಿಡಿದುಕೊಂಡು ಕೂತಿದ್ದವು.

ಮೇಡಂ ಕೈ ಚಾಚಿದರು. ಎಲ್ಲಿ, ನಾನೂ ಕೇಳ್ತೀನಿ ಅಂದರು. ನಾನು ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಔಷಧಿ ಶೀಷೆಯ ಹಾಗೆ ಮೇಲೆ ಕೆಳಗೆ ಜೋರಾಗಿ ಕುಲುಕಿದರು. ಅಟ್ಟದ ಮೆಟ್ಟಿಲ ಮೇಲಿಂದ ಒಂದು ಧ್ವನಿ ಬಂತು. ಚೊಂಬು ಇಟ್ಟು ಅಟ್ಟಕ್ಕೆ ಹೋಗಿದ್ದ ಮಾವ ಕಾಯಿ ಹುಡುಕಿಕೊಂಡು ಇಳಿದು ಬರುತ್ತಿದ್ದರು, ಅರ್ಧದಲ್ಲಿ ನಿಂತಿದ್ದರು.

"ಹಂಗಲ್ಲ ಅಮ್ಮಾರೆ. ಹಂಗ್ ಕುಲುಕುದ್ರೆ ಅದುಕ್ಕೇ ತಲೆ ತಿರುಗ್ತದೆ. ಒಂದ್ಸಾರಿ, ನಿಧಾನಕ್ಕೆ, ಕಿವಿ ಹತ್ರ."

ಮಾವ ಹೊರಗಿನವರ ಜೊತೆ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಹೇಳಿದ ಹಾಗೇ ಮೇಡಂ ಮಾಡಿದರು. ಏನೂ ಕೇಳಿಸುತ್ತಿಲ್ಲವಲ್ಲ ಅಂದರು. ಅದೇ ಸರಿ ಅಂದರು ಮಾವ. ಇಳಿದು ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತರು. ಅಜ್ಜಿ ಎದ್ದು ಬಾಗಿಲ ಮರೆಗೆ ಹೋದಳು.

"ಮೊದ್ಲು ಇದ್ರೊಳಗೆ ನೀರು ಮಾತಾಡ್ತದೆ. ಆಮೇಕೆ ನೀರು ಇಂಗಿ, ಒಂದಷ್ಟು ತಿಂಗ್ಳು ಯಾರೂ ಮಾತಾಡಲ್ಲ. ಆಮೇಕೆ ಚಿಪ್ಪು ಬಿಟ್ಕಂಡು ಕೊಬ್ರಿ ಮಾತಾಡ್ತದೆ. ಅಲ್ಲೀವರ್ಗೂ ಮುಟ್ಟಂಗಿಲ್ಲ, ಕಾಯ್ಬೇಕು ಅಷ್ಟೇ."

ಮಾತಾಡಿರುವ ಕಾಯಿ ಇದೆಯಾ ಅಂತ ಮೇಡಂ ಕೇಳಿದರು. ಇದೆ, ಮೇಲೆ ಬನ್ನಿ ಅಂದರು ಮಾವ. ಆ ಮೇಡಂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅಟ್ಟ ಹತ್ತಿಯೇಬಿಟ್ಟರು. ಹಿಂದೆ ನಾನೂ ಹತ್ತಿದೆ. ಬಿದಿರ ತಟ್ಟಿಯ ಮೇಲೆ ಸಿಪ್ಪೆ ಸಮೇತ ಕಾಯಿಗಳು ಸೂರಿನವರೆಗೆ ಗುಡ್ಡೆಯಾಗಿದ್ದವು. ಹೆಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಕೆಳಗಿನ ಅಡುಗೆಮನೆಯ ಹೊಗೆ ತಟ್ಟಿಯಿಂದ ತೂರಿ ಬಂದು ಎಲ್ಲಕ್ಕೂ ಒಂದು ಬೆಚ್ಚನೆಯ ವಾಸನೆ ಕೊಟ್ಟಿತ್ತು. ಮಾವ ಒಂದೊಂದೇ ಕಾಯಿ ಎತ್ತಿ ಮೇಡಂ ಕಿವಿಗೆ ಹಿಡಿದರು. ಗುಳುಗುಳು ಅನ್ನುವುದು, ಏನೂ ಅನ್ನದೇ ಇರುವುದು, ಕೊನೆಗೆ ಗಡಗಡ ಅನ್ನುವುದು. ಆ ಕೊನೆಯದನ್ನು ಸುಲಿದು, ಚಿಪ್ಪನ್ನು ಮಚ್ಚಿನ ಹಿಂಬದಿಯಿಂದ ಸುತ್ತ ಮೆಲ್ಲಗೆ ತಟ್ಟಿ ಬಿಡಿಸಿ, ಒಡಕಿಲ್ಲದ ಇಡೀ ಉಂಡೆಕೊಬ್ಬರಿಯನ್ನು ಅವರ ಅಂಗೈಯಲ್ಲಿಟ್ಟರು. ಮೇಡಂ ಹ್ಞೂ ಅನ್ನಲಿಲ್ಲ. ನೋಟ್‌ಬುಕ್ಕು ಕೆಳಗೇ ಬಿಟ್ಟು ಬಂದಿದ್ದರು. ಸುಮ್ಮನೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೂತರು. ನನ್ನ ರಾಣಿಯರೆಲ್ಲ ಒಂದು ಉಂಡೆಕೊಬ್ಬರಿಯ ಮುಂದೆ ಸೋತರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಒಂದೂವರೆ ಗಂಟೆ ಬಿಟ್ಟು ಇಳಿದು ಬಂದಾಗ ಅತ್ತೆ ಹಜಾರದ ಕಂಬಕ್ಕೆ ಒರಗಿ ನಿಂತಿದ್ದಳು. ಅದೇ ಕಾಫಿ, ತಣ್ಣಗಾಗಿತ್ತು. ಮೇಡಂ ಮುಖ ತೊಳೆದು ಬಂದು ಕೂತರು. ರೂಮು ಚೆನ್ನಾಗಿದೆ, ರೊಟ್ಟಿ ಇನ್ನೂ ಚೆನ್ನಾಗಿದೆ, ಅದಕ್ಕೋಸ್ಕರ ಇಷ್ಟು ಜನ ನಾಟಕ ಆಡಬೇಕಾಗಿರಲಿಲ್ಲ ಅಂದರು. ಅಪ್ಪ ನೆಲ ನೋಡಿದರು. ಯಾವಾಗ ಗೊತ್ತಾಯಿತು ಅಂತ ಅತ್ತೆ ಸಣ್ಣ ದನಿಯಲ್ಲಿ ಕೇಳಿದಳು.

"ಹೆಡ್‌ಮಿಸ್ಸು ಸೆರಗು ಹೊದ್ದು ಬಾಗಿಲ ಹಿಂದೆ ನಿಂತರಲ್ಲ, ಆಗ. ಅಳಿಯ ಅಲ್ಲದೇ ಇನ್ಯಾರಿಗೆ ಹಾಗೆ ನಿಲ್ತಾರೆ ಹೇಳಿ. ನಮ್ಮಮ್ಮನೂ ನಮ್ಮನೆಯವರು ಬಂದರೆ ಹಾಗೇ ನಿಲ್ತಿದ್ರು."

ಬಾಗಿಲ ಹಿಂದಿನಿಂದ ಅಜ್ಜಿ ನಕ್ಕಳು. ಮೇಡಂ ನನ್ನ ಕಡೆ ತಿರುಗಿ, ನಿನ್ನೆ ನೀನು ಹೇಳಿದ್ದರಲ್ಲಿ ಒಂದಾದರೂ ನಿಜ ಇತ್ತಾ ಅಂತ ಕೇಳಿದರು. ನಾನು ಬಹಳ ಯೋಚಿಸಿದೆ.

"ಬಸ್ತಿಹಳ್ಳಿಗೆ ಹೋಗೋ ದಾರಿ ನಿಜ ಮೇಡಂ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಅತ್ತೆಗೆ ಹೇಳಿದರು: ನವೆಂಬರಿನಿಂದ ಜನ ಕಳಿಸುತ್ತೇನೆ, ಮೂರೂ ರೂಮು ಬೇಕು, ತಿಂಡಿಗೆ ಇದೇ ರೊಟ್ಟಿ ಇರಲಿ, ತಿಂಡಿಯಾದ ಮೇಲೆ ಯಜಮಾನರು ಎಲ್ಲರನ್ನೂ ಅಟ್ಟಕ್ಕೆ ಕರೆದುಕೊಂಡು ಹೋಗಬೇಕು. ದೇವಸ್ಥಾನವನ್ನು ಎಲ್ಲರೂ ತೋರಿಸುತ್ತಾರೆ, ಇದನ್ನು ಯಾರೂ ತೋರಿಸುವುದಿಲ್ಲ. ಅತ್ತೆ ಹೂಂ ಅನ್ನಲಿಲ್ಲ. ಹೂಂ ಅನ್ನುವ ಅಧಿಕಾರ ಅವಳ ಹತ್ತಿರ ಇರಲಿಲ್ಲ. ಅವಳು ಮಾವನ ಕಡೆ ನೋಡಿದಳು, ನಾವೆಲ್ಲರೂ ಮಾವನ ಕಡೆ ನೋಡಿದೆವು. ಮಾವ ಟವೆಲಿನಿಂದ ಆ ಬಿದ್ದ ಕಾಯಿಯ ಧೂಳು ಒರೆಸುತ್ತಿದ್ದರು. ಎಷ್ಟು ಹೊತ್ತು ಒರೆಸಿದರು ಅಂದರೆ, ಬಸದಿಯ ಕಂಬಗಳನ್ನು ಉಜ್ಜಿದವನೂ ಅಷ್ಟು ಹೊತ್ತು ತೆಗೆದುಕೊಂಡಿರಲಾರ.

"ರೂಮಿಗೆ ಕಾಯಿ ತುಂಬುಸ್ಬುಟ್ರೆ ಬಂದೋರು ಎಲ್ ಮಲಗ್ತಾರೆ?" ಅಂದರು ಅತ್ತೆಗೆ. "ಅಷ್ಟೂ ಗೊತ್ತಾಗಲ್ವ ನಿಂಗೆ?"

ಕಾಯಿ ತುಂಬಿಸುವ ಯೋಚನೆ ಅತ್ತೆಯದೇ ಅನ್ನುವ ಹಾಗಿತ್ತು ಆ ಮಾತು. ಅತ್ತೆ ಒಳಗೆ ಹೋದಳು, ಕಾವಲಿಯ ಸದ್ದು ಕೇಳಿತು. ಎರಡು ಬಿಸಿ ರೊಟ್ಟಿ ತಂದು ಮಾವನ ಮುಂದಿಟ್ಟಳು. ಅದರ ಮೇಲಿದ್ದ ಬೆಣ್ಣೆ ಈ ಸಲ ಲಿಂಬೆಹಣ್ಣಲ್ಲ, ಕಿತ್ತಳೆ. ಹೆಚ್ಚಿನ ಕಾಯಿಗೆ ಹಿತ್ತಲಿನ ಹಳೇ ಕೊಟ್ಟಿಗೆಗೆ ತಟ್ಟಿ ಕಟ್ಟಿಸುವುದು ಅಂತ ಮಾವ ರೊಟ್ಟಿ ಮುಗಿಸುವಷ್ಟರಲ್ಲಿ ತೀರ್ಮಾನ ಮಾಡಿದರು. ಕೈ ತೊಳೆದು ಬಂದವರೇ ನನ್ನನ್ನು ಪಕ್ಕಕ್ಕೆ ಕರೆದು, ನೀರು ಇಂಗುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆದರೂ ಏನೋ ಒಂದು ಹೇಳಿದೆ.

ಮೇಡಂ ಕಾರು ಹುಣಸೆಮರ ದಾಟಿತ್ತೋ ಇಲ್ಲವೋ, ಅತ್ತೆ ನಮ್ಮ ರೂಮುಗಳ ಹೊದಿಕೆ ಎಳೆದು ಒಗೆಯಲು ಹಾಕಿದಳು. ನಮ್ಮ ವಂಶದಲ್ಲಿ ನೆಂಟರು ಹೊರಟಾಗ ತಡೆಯದೆ ಬಿಡುವ ಪದ್ಧತಿಯೇ ಇಲ್ಲ. ಇದೇ ಅತ್ತೆ ಒಮ್ಮೆ ಅಪ್ಪನನ್ನು ಉಳಿಸಿಕೊಳ್ಳಲು ಅವರ ಚಪ್ಪಲಿಯನ್ನು ಬೆರಣಿ ರಾಶಿಯಲ್ಲಿ ಬಚ್ಚಿಟ್ಟು ಎರಡು ದಿನ ಹುಡುಕಿಸಿದ್ದಳು. ಆವತ್ತು ನಾಲ್ಕೂ ಜೊತೆ ಚಪ್ಪಲಿಯನ್ನು ಅವಳೇ ತಂದು, ಹೊರಮುಖವಾಗಿ ಮೆಟ್ಟಿಲ ಮೇಲೆ ಜೋಡಿಸಿದಳು. ಹನ್ನೆರಡೂವರೆಗೆ ಅರಸೀಕೆರೆ ಬಸ್ಸು ಐತೆ, ಈಗ ಹೊರಟರೆ ಸಿಗುತ್ತೆ ಅಂದಳು. ಇನ್ನೊಂದು ದಿನ ಇರಿ ಅನ್ನಲಿಲ್ಲ. ಊಟ ಮಾಡ್ಕೊಂಡು ಹೋಗಿ ಅಂತಲೂ ಅನ್ನಲಿಲ್ಲ.

ಅಮ್ಮನಿಗೆ ಸ್ವಲ್ಪ ಕೋಪ ಬಂದಿತ್ತು. ಅಜ್ಜಿಗೆ ಬಂದಿರಲಿಲ್ಲ. ಅವಳು ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ, ಮುಂದಿನ ಸೀಟಿನವರಿಗೆ, ಜಾವಗಲ್ಲಿನಲ್ಲಿ ಹತ್ತಿದ ಹೊಸಬರಿಗೆ, ಮಗಳು ದೊಡ್ಡ ಅಧಿಕಾರಿಯಾದಳು ಅನ್ನುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಹೇಳುತ್ತಲೇ ಇದ್ದಳು.

"ನನ್ ಮಗಳು ನನ್ನೇ ಹೊರಡ್ಸಿಬಿಟ್ಲು ಕಣಮ್ಮ. ರೂಮು ಬೇಕಂತೆ."